ಕ್ರೈಸ್ಲರ್ ಕಂಪನಿ ಮತ್ತು ಮೈಸೂರಿನ ಮೋಟಾರು ಕನಸು

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಗಾಡಿಯ ದುರಸ್ತಿಗೆಂದು ಒಮ್ಮೆಯಾದರೂ ಶುವೈಖಿನ ಕೈಗಾರಿಕಾ ಪ್ರದೇಶಕ್ಕೆ ಹೋಗದ ಕುಟುಂಬ ನಮ್ಮಲ್ಲಿ ವಿರಳ. ಅಲ್ಲಿಯ ಗ್ಯಾರೇಜುಗಳ ಮುಂದೆ ಬಾನೆಟ್ಟು ತೆರೆದು ನಿಂತ ಡಾಡ್ಜ್, ಜೀಪ್, ಕ್ರೈಸ್ಲರ್ ವಾಹನಗಳನ್ನೂ ಅವುಗಳ ಮೇಲೆ ಬಾಗಿ ದುಡಿಯುವ ನಮ್ಮ ದೇಶದ ಕೆಲಸಗಾರರನ್ನೂ ನಾವು ಕಾಣುತ್ತೇವೆ. ಕಿವಿಗೊಟ್ಟರೆ ತುಳುವೋ ಬ್ಯಾರಿಯೋ ಕನ್ನಡವೋ ಕೇಳಿಬರುವುದೂ ಉಂಟು. ವಾಹನದ ಹೆಸರು ಅಮೆರಿಕದ್ದು, ನೆಲ ಅರಬರದು, ಕೈ ನಮ್ಮದು. ಇದು ಮರುಭೂಮಿಯಲ್ಲಿ ಆಕಸ್ಮಿಕವಾಗಿ ಆದ ಭೇಟಿಯೆಂದು ನಾವು ತಿಳಿಯುತ್ತೇವೆ. ಆದರೆ ಕ್ರೈಸ್ಲರ್ ಎಂಬ ಹೆಸರು 1940ರ ಸುಮಾರಿಗೆ ನಮ್ಮ ಬೆಂಗಳೂರಿನ ಹೊಸ್ತಿಲವರೆಗೂ ಬಂದು ಹಿಂದಿರುಗಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಆ ಇತಿಹಾಸವನ್ನು ಈ ಸಂಜೆ ನೆನೆಯೋಣ.

ಕಂಪನಿಯ ಸ್ಥಾಪಕ ವಾಲ್ಟರ್ ಪರ್ಸಿ ಕ್ರೈಸ್ಲರ್ 1875ರಲ್ಲಿ ಅಮೆರಿಕದ ಕ್ಯಾನ್ಸಸ್ ಸಂಸ್ಥಾನದಲ್ಲಿ ರೈಲ್ವೆ ಎಂಜಿನ್ ಚಾಲಕರೊಬ್ಬರ ಮಗನಾಗಿ ಜನಿಸಿದರು. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ರೈಲ್ವೆ ಕಾರ್ಯಾಗಾರದಲ್ಲಿ ಕಸ ಗುಡಿಸುವ ಕೆಲಸದಿಂದ ಆರಂಭಿಸಿ, ಯಂತ್ರಗಳ ಮರ್ಮವನ್ನು ಕೈಯಿಂದಲೇ ಕಲಿತರು. ತಮಗೆ ಬೇಕಾದ ಉಪಕರಣಗಳನ್ನು ತಾವೇ ತಯಾರಿಸಿಕೊಂಡರು. 1908ರಲ್ಲಿ ಷಿಕಾಗೋ ನಗರದ ಮೋಟಾರು ಪ್ರದರ್ಶನದಲ್ಲಿ ಲೋಕೋಮೊಬೈಲ್ ಎಂಬ ಕಾರು ಅವರ ಮನಸ್ಸನ್ನು ಸೆಳೆಯಿತು. ಬೆಲೆ 5,000 ಡಾಲರು. ಕೈಯಲ್ಲಿದ್ದುದು ಬರಿಯ 700. ಉಳಿದ 4,300 ಡಾಲರನ್ನು ಬ್ಯಾಂಕು ಸಾಲ ಕೊಟ್ಟಿತು. ಆದರೆ ಸ್ನೇಹಿತರೊಬ್ಬರು ಜಾಮೀನು ನಿಂತ ಮೇಲೆಯೇ. ಕಾರು ಮನೆಗೆ ಬಂದಿತು. ಅದನ್ನು ಓಡಿಸಲು ಕಲಿಯುವುದಕ್ಕೆ ಮೊದಲು ಅವರು ಅದನ್ನು ಬಿಚ್ಚಿ, ಭಾಗಗಳನ್ನು ಪರೀಕ್ಷಿಸಿ, ಮತ್ತೆ ಜೋಡಿಸಿದರು. ಹೀಗೆ ಒಂದಲ್ಲ, ಹಲವು ಸಲ.

ಈ ಜಾಮೀನನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ನಮ್ಮ ಕಥೆಯಲ್ಲಿ ಅದು ಮತ್ತೆ ಮತ್ತೆ ಬರಲಿದೆ.

ಮುಂದೆ ಅವರು ಜನರಲ್ ಮೋಟಾರ್ಸ್ ಸಂಸ್ಥೆಯ ಬ್ಯೂಕ್ ವಿಭಾಗದ ಮುಖ್ಯಸ್ಥರಾದರು. ಬಳಿಕ ನಷ್ಟದಲ್ಲಿದ್ದ ಮ್ಯಾಕ್ಸ್‌ವೆಲ್ ಕಂಪನಿಯನ್ನು ಎತ್ತಿ ನಿಲ್ಲಿಸುವ ಹೊಣೆ ಹೊತ್ತರು. 1924ರಲ್ಲಿ ತಮ್ಮದೇ ಹೆಸರಿನ ಆರು ಸಿಲಿಂಡರಿನ ಕಾರನ್ನು ಹೊರತಂದರು. ನಾಲ್ಕು ಚಕ್ರಗಳಿಗೂ ಹೈಡ್ರಾಲಿಕ್ ಬ್ರೇಕು ಅದರ ವಿಶೇಷವಾಗಿತ್ತು. 1925ರ ಜೂನ್‌ನಲ್ಲಿ ಮ್ಯಾಕ್ಸ್‌ವೆಲ್ ಕಂಪನಿಯೇ ಕ್ರೈಸ್ಲರ್ ಕಾರ್ಪೊರೇಷನ್ ಆಗಿ ಮರುಹುಟ್ಟು ಪಡೆಯಿತು. 1928ರಲ್ಲಿ ಡಾಡ್ಜ್ ಕಂಪನಿ ಅದರ ವಶಕ್ಕೆ ಬಂದಿತು; ಪ್ಲಿಮತ್ ಮತ್ತು ಡಿಸೋಟೊ ಎಂಬ ಹೊಸ ಹೆಸರುಗಳು ಅದೇ ವರ್ಷ ಹುಟ್ಟಿದವು. ಫೋರ್ಡ್, ಜನರಲ್ ಮೋಟಾರ್ಸ್‌ಗಳೊಡನೆ ಕ್ರೈಸ್ಲರ್ ಮೂರನೆಯ ದೈತ್ಯವಾಯಿತು. 1930ರಲ್ಲಿ ನ್ಯೂಯಾರ್ಕಿನಲ್ಲಿ ಎದ್ದು ನಿಂತ 77 ಅಂತಸ್ತುಗಳ ಕ್ರೈಸ್ಲರ್ ಕಟ್ಟಡ ಸ್ವಲ್ಪ ಕಾಲ ಜಗತ್ತಿನಲ್ಲೇ ಅತ್ಯಂತ ಎತ್ತರದ್ದಾಗಿತ್ತು.

ಇದೇ ವೇಳೆಗೆ ಭಾರತದ ಸ್ಥಿತಿ ಹೇಗಿತ್ತು? ಫೋರ್ಡ್ ಕಂಪನಿ 1926ರಲ್ಲಿಯೂ ಜನರಲ್ ಮೋಟಾರ್ಸ್ 1928ರಲ್ಲಿಯೂ ನಮ್ಮಲ್ಲಿ ನೆಲೆಯೂರಿದವು. ಆದರೆ ಅವು ಮಾಡುತ್ತಿದ್ದುದು ಜೋಡಣೆಯನ್ನು ಮಾತ್ರ. ಹಡಗಿನಲ್ಲಿ ಬಂದ ಭಾಗಗಳನ್ನು ಇಲ್ಲಿ ಕೂಡಿಸಿ ಮಾರುತ್ತಿದ್ದರು. ಎಂಜಿನ್ ಎರಕ ಹೊಯ್ಯುವ ವಿದ್ಯೆ, ಗೇರು ಕಡೆಯುವ ವಿದ್ಯೆ ಯಾವುದೂ ಈ ನೆಲಕ್ಕೆ ಇಳಿಯಲಿಲ್ಲ. ಈ ಭೇದವನ್ನು ಸ್ಪಷ್ಟವಾಗಿ ಕಂಡವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರಿನ ದಿವಾನಗಿರಿಯನ್ನು ಬಿಟ್ಟು ಹದಿನೇಳು ವರ್ಷಗಳಾಗಿದ್ದ ಅವರು, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಿ ಬಂದರು. ಮರಳಿದ ಬಳಿಕ ಭಾರತದಲ್ಲಿಯೇ ಮೋಟಾರು ವಾಹನಗಳನ್ನು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು.

ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಈ ಯೋಜನೆಯನ್ನು ತಮ್ಮದಾಗಿಸಿಕೊಂಡರು. ಬೇಕಾಗಿದ್ದುದು ಎರಡು: ಅಮೆರಿಕದ ತಾಂತ್ರಿಕ ನೆರವು ಮತ್ತು ನಮ್ಮ ಸರ್ಕಾರದ ಜಾಮೀನು. 1937ರಲ್ಲಿ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂಡವಾಳದ ಬಡ್ಡಿಗೆ ಖಾತರಿ ನೀಡಲು ಒಪ್ಪಿತು. ಆದರೆ 1939ರಲ್ಲಿ ಯುದ್ಧ ಆರಂಭವಾಗಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದರಿಗೆ ಫೋರ್ಡ್ ಕಂಪನಿಯಿಂದ ಸಹಕಾರ ದೊರೆಯಲಿಲ್ಲ. ಕೈ ನೀಡಿದ್ದು ಕ್ರೈಸ್ಲರ್, 1940ರಲ್ಲಿ ಒಪ್ಪಂದವಾಯಿತು. ರೈಲ್ವೆ ಕಾರ್ಯಾಗಾರದ ಕಸ ಗುಡಿಸಿ ಮೇಲೆ ಬಂದ ಆ ವಾಲ್ಟರ್ ಕ್ರೈಸ್ಲರ್ ತೀರಿಕೊಂಡದ್ದು ಅದೇ ವರ್ಷದ ಆಗಸ್ಟಿನಲ್ಲಿ.

ಆಗ ಮುಂದೆ ಬಂದದ್ದು ಮೈಸೂರು. ಮಹಾರಾಜರ ಸರ್ಕಾರ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ನೇತೃತ್ವದಲ್ಲಿ, ಕಾರ್ಖಾನೆ ಬೆಂಗಳೂರಿಗೆ ಬರುವುದಾದರೆ ನೆರವಾಗಲು ಸಿದ್ಧವಾಯಿತು. ಭದ್ರಾವತಿಯಲ್ಲಿ ಕಬ್ಬಿಣವಿತ್ತು, ಶಿವನಸಮುದ್ರದ ವಿದ್ಯುತ್ತಿತ್ತು, ಕೆಲಸ ಬಲ್ಲ ಕೈಗಳಿದ್ದವು, ಕ್ರೈಸ್ಲರಿನ ಒಪ್ಪಂದವೂ ಇತ್ತು. ಕೊರತೆಯಾದದ್ದು ದೆಹಲಿಯ ಒಪ್ಪಿಗೆ. ಯುದ್ಧಕಾಲದಲ್ಲಿ ಮೋಟಾರು ಕಾರ್ಖಾನೆಗೆ ಯಂತ್ರಗಳನ್ನೂ ವಿದೇಶಿ ಹಣವನ್ನೂ ಒದಗಿಸಲಾಗದೆಂದು ಬ್ರಿಟಿಷ್ ಭಾರತ ಸರ್ಕಾರ ನಿಲುವು ತಳೆಯಿತು. ಸಾರ್ವಭೌಮ ಸತ್ತೆಯ ಮಾತನ್ನು ಮೀರಿ ಜಾಮೀನು ನಿಲ್ಲುವುದು ದೇಶೀ ಸಂಸ್ಥಾನಕ್ಕೆ ಸಾಧ್ಯವಿರಲಿಲ್ಲ. ಮೈಸೂರು ಹಿಂದೆ ಸರಿಯಬೇಕಾಯಿತು.

ಅದೇ ದಿನಗಳಲ್ಲಿ ಅದೇ ವಾಲ್‌ಚಂದರ ಇನ್ನೊಂದು ಯೋಜನೆ ಬೆಂಗಳೂರಿನಲ್ಲಿ ಫಲಿಸಿತೆಂಬುದು ಗಮನಾರ್ಹ. 1939ರ ಅಮೆರಿಕ ಪ್ರವಾಸದ ವಿಮಾನಯಾನದಲ್ಲಿ ಅವರಿಗೆ ವಿಲಿಯಂ ಪಾವ್ಲಿ ಎಂಬ ಅಮೆರಿಕನ್ ವಿಮಾನೋದ್ಯಮಿಯ ಪರಿಚಯವಾಗಿತ್ತು. 1940ರ ಡಿಸೆಂಬರ್ 23ರಂದು ಮೈಸೂರು ಸರ್ಕಾರದ 25 ಲಕ್ಷ ರೂಪಾಯಿಗಳ ಪಾಲಿನೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ಮರುವರ್ಷವೇ ಭಾರತ ಸರ್ಕಾರ ಅದರಲ್ಲಿ ಪಾಲುದಾರನಾಯಿತು. ವಿಮಾನ ಯುದ್ಧಕ್ಕೆ ಬೇಕಾಗಿತ್ತು. ಆದ್ದರಿಂದ ಅನುಮತಿ ದೊರೆಯಿತು. ಕಾರು ನಮಗೆ ಬೇಕಾಗಿತ್ತು; ಆದ್ದರಿಂದ ಕಾಯಬೇಕಾಯಿತು. ಸಾಮರ್ಥ್ಯದ ಅಭಾವದಿಂದ ನಮ್ಮಲ್ಲಿ ಕೈಗಾರಿಕೆ ಬೆಳೆಯಲಿಲ್ಲವೆಂಬ ಹಳೆಯ ಮಾತಿಗೆ ಬೆಂಗಳೂರಿನ ಈ ಎರಡು ಯೋಜನೆಗಳ ಭಿನ್ನ ಗತಿಯೇ ಉತ್ತರವೆಂದು ನಾವು ಭಾವಿಸುತ್ತೇವೆ.

ಕ್ರೈಸ್ಲರಿನ ಒಪ್ಪಂದ ಕಡೆಗೆ ಫಲ ಕೊಟ್ಟದ್ದು ಮುಂಬಯಿಯಲ್ಲಿ. 1944ರಲ್ಲಿ ವಾಲ್‌ಚಂದರು ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಕುರ್ಲಾದ ಕಾರ್ಖಾನೆಯಿಂದ ಡಾಡ್ಜ್ ಲಾರಿ ಹೊರಬಂದಿತು. ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ಚಿರಪರಿಚಿತ. ಘಟ್ಟ ಹತ್ತಿ ಇಳಿದ ಫಾರ್ಗೊ ಲಾರಿಯ ಸದ್ದನ್ನು ಬಲ್ಲವರು ಈ ಸಭೆಯಲ್ಲಿಯೂ ಇರಬಹುದು. ಇದೇ ಪ್ರೀಮಿಯರ್ ಕಂಪನಿ 1950ರ ದಶಕದ ಆರಂಭದಲ್ಲಿ ಇಟಲಿಯ ಫಿಯಟ್ ಕಂಪನಿಯೊಡನೆಯೂ ಕೈಜೋಡಿಸಿತು. ನಾವೆಲ್ಲ ಬಲ್ಲ ಪ್ರೀಮಿಯರ್ ಪದ್ಮಿನಿ ಆ ಸಂಬಂಧದ ಕೂಸು.

ಈಗ ಅಮೆರಿಕಕ್ಕೆ ಮರಳೋಣ. 1970ರ ದಶಕದ ತೈಲ ಬಿಕ್ಕಟ್ಟು ಕೊಲ್ಲಿಯ ದೇಶಗಳಿಗೆ ಸಂಪತ್ತನ್ನು ತಂದು ನಮ್ಮಂಥವರಿಗೆ ಇಲ್ಲಿ ಅನ್ನದ ದಾರಿಯನ್ನು ತೆರೆಯಿತು. ಅದೇ ಬಿಕ್ಕಟ್ಟು ಪೆಟ್ರೋಲನ್ನು ಧಾರಾಳವಾಗಿ ಕುಡಿಯುವ ದೊಡ್ಡ ಕಾರುಗಳ ತಯಾರಕರಿಗೆ ಶಾಪವಾಯಿತು. 1979ರ ಹೊತ್ತಿಗೆ ಕ್ರೈಸ್ಲರ್ ದಿವಾಳಿಯ ಅಂಚಿಗೆ ಬಂದಿತು. ಹಿಂದಿನ ವರ್ಷ ಫೋರ್ಡ್ ಕಂಪನಿಯಿಂದ ಹೊರಹಾಕಲ್ಪಟ್ಟಿದ್ದ ಲೀ ಐಕೋಕಾ ಅದರ ಸಾರಥ್ಯ ವಹಿಸಿ, ಸರ್ಕಾರದ ಬಾಗಿಲಿಗೆ ಹೋದರು. ಕೇಳಿದ್ದು ಸಾಲವನ್ನಲ್ಲ, ಸಾಲಕ್ಕೆ ಜಾಮೀನನ್ನು. 1980ರ ಜನವರಿ 7ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ 150 ಕೋಟಿ ಡಾಲರುಗಳವರೆಗಿನ ಸಾಲಕ್ಕೆ ಜಾಮೀನು ನೀಡುವ ಶಾಸನಕ್ಕೆ ಸಹಿ ಹಾಕಿದರು.

ಖಾಸಗಿ ಉದ್ಯಮದಲ್ಲಿ ಸರ್ಕಾರ ಕೈಹಾಕಬಾರದೆಂದು ಜಗತ್ತಿಗೆ ಬೋಧಿಸುವ ದೇಶ ತನ್ನ ಕಾರ್ಖಾನೆ ಮುಳುಗುವಾಗ ಸುಮ್ಮನಿರಲಿಲ್ಲ. ಆದರೆ ಅದು ಕುರುಡು ದಾನವೂ ಆಗಿರಲಿಲ್ಲ. ಕಾರ್ಮಿಕರು ವೇತನದಲ್ಲಿ ಕಡಿತವನ್ನು ಒಪ್ಪಬೇಕಾಯಿತು, ಬ್ಯಾಂಕುಗಳು ತಮ್ಮ ಬಾಕಿಯಲ್ಲಿ ರಿಯಾಯಿತಿ ಕೊಡಬೇಕಾಯಿತು. ಕಾರ್ಮಿಕ ಸಂಘದ ಅಧ್ಯಕ್ಷ ಡಗ್ಲಾಸ್ ಫ್ರೇಸರ್ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಕುಳಿತರು. ಕಂಪನಿ ಇಂಧನ ಉಳಿಸುವ ಸಣ್ಣ ಕಾರುಗಳನ್ನು ಮಾಡಿತು. ಕುಟುಂಬವೆಲ್ಲ ಕೂರಬಲ್ಲ ಮಿನಿವ್ಯಾನನ್ನು ಹೊರತಂದಿತು. ಜಾಮೀನಿನ ಸಾಲವನ್ನು ಅವಧಿಗೆ ಏಳು ವರ್ಷ ಮೊದಲೇ, 1983ರಲ್ಲಿ, ತೀರಿಸಿತು. ಜಾಮೀನು ನಿಂತ ಸರ್ಕಾರಕ್ಕೆ ನಷ್ಟವಾಗಲಿಲ್ಲ, ಲಾಭವೇ ಆಯಿತು.

ನಾವು ಈ ಎರಡು ಘಟನೆಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬೇಕು. ವಿಶ್ವೇಶ್ವರಯ್ಯನವರು ಕೇಳಿದ್ದಕ್ಕೂ ಐಕೋಕಾ ಕೇಳಿದ್ದಕ್ಕೂ ಸ್ವರೂಪದಲ್ಲಿ ದೊಡ್ಡ ಅಂತರವಿಲ್ಲ. ಕೊಡುವ ಸರ್ಕಾರ ಯಾರದು ಎಂಬುದರಲ್ಲಿಯೇ ಅಂತರ. ಒಬ್ಬರ ಸರ್ಕಾರ ಅವರದೇ ಆಗಿತ್ತು; ಮತ್ತೊಬ್ಬರದು ಪರರದಾಗಿತ್ತು.

ಜಾಮೀನೊಂದಿದ್ದರೆ ಸಾಕೆಂದು ಇದರ ಅರ್ಥವಲ್ಲ. ಸ್ವತಂತ್ರ ಭಾರತ ಪ್ರೀಮಿಯರ್ ಕಂಪನಿಗೆ ದೀರ್ಘಕಾಲ ರಕ್ಷಣೆ ಕೊಟ್ಟಿತು. ವಿದೇಶಿ ಕಾರುಗಳಿಗೆ ತಡೆಯಿತ್ತು, ಗ್ರಾಹಕರು ವರ್ಷಗಟ್ಟಲೆ ಸರದಿಯಲ್ಲಿ ಕಾದರು. ಪೈಪೋಟಿಯಿಲ್ಲದ ಆ ನೆರಳಿನಲ್ಲಿ ಪದ್ಮಿನಿ ಮೂಲ ರೂಪದಿಂದ ಹೆಚ್ಚು ಬದಲಾಗದೆ ಉಳಿದು, ಈ ಶತಮಾನದ ಆರಂಭದಲ್ಲಿ ಕಣ್ಮರೆಯಾಯಿತು. ಷರತ್ತಿಲ್ಲದ ರಕ್ಷಣೆ ಉದ್ಯಮವನ್ನು ಸೋಮಾರಿಯಾಗಿಸುತ್ತದೆಂಬ ಪಾಠವನ್ನೂ ನಾವು ಮುಚ್ಚಿಡಬಾರದು.

ಕ್ರೈಸ್ಲರಿನ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1987ರಲ್ಲಿ ಜೀಪ್ ಅದರ ವಶವಾಯಿತು. 1998ರಲ್ಲಿ ಜರ್ಮನಿಯ ಡೈಮ್ಲರ್ ಕಂಪನಿಯೊಡನೆ ಕೂಡಿದ್ದು ಬಾಳದೆ 2007ರಲ್ಲಿ ಮುರಿಯಿತು. 2009ರಲ್ಲಿ ಕಂಪನಿ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಅಮೆರಿಕ ಸರ್ಕಾರ ಮತ್ತೊಮ್ಮೆ ನೆರವಿಗೆ ಬಂದಿತು. ಆಗ ಅದನ್ನು ಕೈಹಿಡಿದು ಎಬ್ಬಿಸಿದ್ದು ಫಿಯಟ್. ಕುರ್ಲಾದ ಒಂದೇ ಕಂಪನಿಯ ಆಶ್ರಯದಲ್ಲಿ 1950ರ ದಶಕದಲ್ಲಿ ಜೊತೆಗಿದ್ದ ಎರಡು ಹೆಸರುಗಳು ಅರ್ಧ ಶತಮಾನದ ಬಳಿಕ ಹೀಗೆ ಒಂದಾದವು. 2021ರಿಂದ ಇವೆರಡೂ ಸ್ಟೆಲಾಂಟಿಸ್ ಎಂಬ ದೊಡ್ಡ ಸಂಸ್ಥೆಯ ಅಂಗಗಳಾಗಿವೆ. ಇತ್ತ ಬೆಂಗಳೂರಿನ ಬಳಿ, ಬಿಡದಿಯಲ್ಲಿ, ಟೊಯೊಟಾ ಕಾರ್ಖಾನೆಯ ಮೊದಲ ವಾಹನಗಳು ಹೊರಬಂದದ್ದು 1999ರಲ್ಲಿ. ಮೈಸೂರು ಕನಸು ಕಂಡ ಸುಮಾರು ಅರವತ್ತು ವರ್ಷಗಳ ಅನಂತರ, ಅಮೆರಿಕದ ಬದಲು ಜಪಾನಿನ ಹೆಸರಿನಲ್ಲಿ.

ಬಂಧುಗಳೆ, ಈ ನಾಡಿನಲ್ಲಿ ಬಾಳುವ ನಮಗೆ ಜಾಮೀನು ಎಂಬ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ದಿನನಿತ್ಯ ಬಳಸುವ 'ಕಫೀಲ್' ಎಂಬ ಅರಬ್ಬಿ ಪದಕ್ಕೆ ಜಾಮೀನುದಾರ ಎಂಬುದೇ ಮೂಲಾರ್ಥ. ಯಾರೋ ಒಬ್ಬರು ಹೊಣೆ ನಿಂತದ್ದರಿಂದ ನಾವಿಲ್ಲಿ ಕಾಲಿಟ್ಟೆವು. ದುಡಿಮೆ ನಮ್ಮದಾದರೂ ಬಾಗಿಲು ತೆರೆಯಲು ಇನ್ನೊಬ್ಬರ ಸಹಿ ಬೇಕಾಯಿತು. ಸ್ನೇಹಿತನ ಸಹಿಯಿಂದ ಕಾರು ಕೊಂಡ ವಾಲ್ಟರ್ ಕ್ರೈಸ್ಲರಿಗೂ, ಆ ಸಹಿ ದೊರೆಯದೆ ಕನಸನ್ನು ಮಡಿಸಿಟ್ಟ ಮೈಸೂರಿಗೂ ಇದ್ದ ಅಂತರ ಅಷ್ಟೇ.

ಮುಂದಿನ ಸಲ ಶುವೈಖಿಗೆ ಹೋದಾಗ ನಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಳೋಣ. ಬಾನೆಟ್ಟಿನೊಳಗೆ ಬಾಗಿದ ಆ ಕೈಗಳಿಗೆ ಯಂತ್ರವನ್ನು ಬಿಚ್ಚಿ ಜೋಡಿಸುವ ವಿದ್ಯೆ ಕರಗತವಾಗಿದೆ. ಕ್ರೈಸ್ಲರ್ ಆರಂಭಿಸಿದ್ದೂ ಅಲ್ಲಿಂದಲೇ. ಊರಿನಲ್ಲಿ ಒಬ್ಬ ಹುಡುಗ ಸಣ್ಣ ಕಾರ್ಯಾಗಾರ ತೆರೆಯಲು ಸಾಲ ಕೇಳುತ್ತಿದ್ದಾನೆಂದು ಕಾಗದವೋ ಕರೆಯೋ ಬಂದರೆ, ನಮ್ಮ ಶಕ್ತಿಯಿದ್ದಷ್ಟು ಅವನಿಗೆ ಜಾಮೀನು ನಿಲ್ಲೋಣ. ಅದಕ್ಕೆ ಈಗ ದೆಹಲಿಯ ಅಪ್ಪಣೆ ಬೇಕಿಲ್ಲ.