ಕಾಳಿಯ ಕಲ್ಲು, ಚೋಮನ ಎತ್ತು

ಸಾಕಿದ ಪ್ರಾಣಿಯನ್ನು ಕಳೆದುಕೊಂಡ ಮನುಷ್ಯನ ದುಃಖಕ್ಕೆ ಕನ್ನಡ ನಾಡಿನಲ್ಲಿ ಉಳಿದುಬಂದಿರುವ ಹಳೆಯ ಸಾಕ್ಷ್ಯಗಳಲ್ಲಿ ಆತಕೂರಿನ ಶಾಸನಕ್ಕೆ ಮೊದಲ ಸಾಲಿನ ಸ್ಥಾನವಿದೆ. ಚನ್ನಪಟ್ಟಣ ಸೀಮೆಗೆ ನೆರೆಯಾದ ಮದ್ದೂರು ತಾಲ್ಲೂಕಿನಲ್ಲಿ ದೊರೆತ, ಶಕವರ್ಷ 872ಕ್ಕೆ, ಎಂದರೆ ಕ್ರಿ.ಶ. 949-50ಕ್ಕೆ ಸೇರಿದ ಈ ಕಲ್ಲಿನ ಮೇಲೆ ಹಂದಿಯೊಂದಿಗೆ ಸೆಣಸುತ್ತಿರುವ ನಾಯಿಯ ಉಬ್ಬುಶಿಲ್ಪವಿದ್ದು, ಸುತ್ತಲಿನ ಬರಹವು ರಾಷ್ಟ್ರಕೂಟ ಮೂರನೆಯ ಕೃಷ್ಣ ಹಾಗೂ ಗಂಗ ಬೂತುಗರು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯನ್ನೂ ತಿಳಿಸುತ್ತದೆ. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಬಳಿಯ ಗುಡ್ಡದಲ್ಲಿ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆರಗಿ, ಎರಡೂ ಕಾದಾಡಿ ಸತ್ತವು. ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸುವ ಕಲ್ಲಿಗೆ ವೀರಗಲ್ಲು ಎಂದು ಹೆಸರು. ಕಾಳಿಗೂ ಅಂಥದೇ ಕಲ್ಲನ್ನು ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಲಾಯಿತು. ಅದರ ಪೂಜೆಗಾಗಿ ಕೆರೆಯ ಕೆಳಗೆ ಎರಡು ಖಂಡುಗ, ಅಂದರೆ ಅಷ್ಟು ಬಿತ್ತನೆ ಬೀಜ ಹಿಡಿಯುವ ಭೂಮಿಯನ್ನು ಬಿಟ್ಟುಕೊಡಲಾಯಿತು. ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವನ್ನೂ ಬರೆಸಲಾಯಿತು.

ಈ ಶಾಸನದಲ್ಲಿರುವ ಮಮತೆ ನಿಜವಾದುದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಮಮತೆ ಸಾವಿರ ವರ್ಷ ಬಾಳಿದ್ದು ಮಣಲೇರನಿಗೆ ಅಧಿಕಾರವೂ ಕಲ್ಲಿಗೆ ಭೂಮಿಯೂ ಇದ್ದುದರಿಂದ. ಭೂಮಿಯಿಲ್ಲದವನು ಕಳೆದುಕೊಂಡ ಪ್ರಾಣಿಯ ಕಥೆ ದಾಖಲಾಗಲು ಇಪ್ಪತ್ತನೆಯ ಶತಮಾನದ ಕಾದಂಬರಿ ಮತ್ತು ಸಿನಿಮಾ ಬರಬೇಕಾಯಿತು.

ಸಿನಿಮಾದಲ್ಲಿ ಈ ಬಗೆಯ ಕಥನಕ್ಕೆ ಗಟ್ಟಿಯಾದ ನೆಲೆ ಒದಗಿಸಿದ್ದು ಇಟಲಿಯ ನವವಾಸ್ತವವಾದ, ಎಂದರೆ ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಬೀದಿಯನ್ನೇ ರಂಗವಾಗಿಸಿ, ಹಲವೆಡೆ ವೃತ್ತಿನಟರಲ್ಲದವರನ್ನೇ ಪಾತ್ರಗಳಾಗಿಸಿ ಸಾಮಾನ್ಯರ ಬದುಕನ್ನು ತೋರಿಸಿದ ಪಂಥ. ವಿಟ್ಟೋರಿಯೋ ಡಿ ಸಿಕಾನ 1952ರ 'ಉಂಬರ್ಟೋ ಡಿ.' ಚಿತ್ರದಲ್ಲಿ ಬಾಡಿಗೆ ಕಟ್ಟಲಾಗದ ನಿವೃತ್ತ ನೌಕರನು ಕಾಣೆಯಾದ ನಾಯಿಯನ್ನು ಬೀದಿನಾಯಿಗಳನ್ನು ಕೊಲ್ಲುವ ದೊಡ್ಡಿಯಲ್ಲಿ ಹುಡುಕಿ ಬಿಡಿಸಿಕೊಂಡು ಬಂದು, ಕೊನೆಗೆ ತಾನೇ ಅದನ್ನು ಬೇರೆಯವರ ಪಾಲು ಮಾಡಲು ಯತ್ನಿಸುತ್ತಾನೆ. ಕೆಲ್ಲಿ ರೈಖಾರ್ಟ್ ಅವರ 2008ರ 'ವೆಂಡಿ ಅಂಡ್ ಲೂಸಿ'ಯಲ್ಲಿ ಕೆಲಸ ಅರಸಿ ಅಲಾಸ್ಕಾಕ್ಕೆ ಹೊರಟ ಯುವತಿಯು, ಕಾರು ಕೆಟ್ಟು, ಕೈಯಲ್ಲಿದ್ದ ಹಣ ಕರಗಿದ ಮೇಲೆ, ಕಳೆದುಹೋಗಿದ್ದ ನಾಯಿ ಸಿಕ್ಕರೂ ಅದನ್ನು ಅಂಗಳವಿರುವ ಒಂದು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ.

ಕನ್ನಡದಲ್ಲಿ ಇದಕ್ಕೆ ಸಮನಾಗಿ ನಿಲ್ಲುವ ಕೃತಿ ಬಿ.ವಿ. ಕಾರಂತರ 'ಚೋಮನ ದುಡಿ'. 1975ರ ಈ ಚಿಕ್ಕ ಚಿತ್ರವು, ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ, ತುಳುನಾಡಿನ ಅಸ್ಪೃಶ್ಯ ಜೀತಗಾರನೊಬ್ಬನ ಬಾಳನ್ನು ಹೇಳುತ್ತದೆ. ಚೋಮನು ಕಾಡಿನಲ್ಲಿ ದಾರಿ ತಪ್ಪಿ ಅಲೆಯುತ್ತಿದ್ದ ಜೋಡಿ ಎತ್ತುಗಳನ್ನು ತಂದು ಸಾಕಿಕೊಂಡಿದ್ದಾನೆ, ಆದರೆ ಅವುಗಳನ್ನು ಹೂಡಿ ಸ್ವಂತ ಬೇಸಾಯ ಮಾಡುವ ಹಕ್ಕನ್ನು ಅವನ ಜಾತಿಗೆ ಊರು ಕೊಟ್ಟಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ರೋಗದಿಂದ ಸಾಯುತ್ತಾನೆ. ಮತ್ತೊಬ್ಬ ನೀರಿನಲ್ಲಿ ಮುಳುಗುವಾಗ ಮೈಲಿಗೆಯ ಭಯದಿಂದ ಮೇಲ್ಜಾತಿಯವರು ಕೈ ಚಾಚುವುದಿಲ್ಲ. ಎಲ್ಲವನ್ನೂ ಕಳೆದುಕೊಂಡ ಚೋಮನು ಎತ್ತುಗಳನ್ನು ಬಂದ ಕಾಡಿಗೇ ಓಡಿಸಿ, ಬಾಗಿಲು ಮುಚ್ಚಿಕೊಂಡು, ದುಡಿ ಎಂಬ ಚರ್ಮವಾದ್ಯವನ್ನು ಬಾರಿಸುತ್ತ ಪ್ರಾಣ ಬಿಡುತ್ತಾನೆ.

ಎತ್ತುಗಳ ಆ ಬಿಡುಗಡೆಯನ್ನು ಕೋಪವೆಂದಷ್ಟೇ ಓದುವುದು ಸಾಲದು. ಬಡವನಿಗೆ ಪ್ರಾಣಿಯ ಮೇಲೆ ಪ್ರೀತಿ ಇಲ್ಲದೆ ಹೋಗುವುದಿಲ್ಲ. ಆ ಪ್ರೀತಿಯನ್ನು ಉಳಿಸಿಕೊಳ್ಳಲು ಬೇಕಾದ ನೆಲ ಅವನಿಗೆ ಇರುವುದಿಲ್ಲ. ಒಂದು ನಾಯಿಯ ಕಲ್ಲಿಗೆ ಎರಡು ಖಂಡುಗ ದೊರೆತ ಭಾಷಾಪ್ರದೇಶದಲ್ಲಿಯೇ ಚೋಮನಂಥವರಿಗೆ ಗೇಣು ನೆಲವೂ ದಕ್ಕಲಿಲ್ಲವೆಂಬುದು ಈ ಇತಿಹಾಸದ ಅತ್ಯಂತ ನೋವಿನ ಭಾಗ. ಉಳುವವನೇ ಒಡೆಯನೆಂಬ ತತ್ತ್ವದ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಜಾರಿಗೆ ಬಂದಿತು. ಜೀತವನ್ನು ರದ್ದುಗೊಳಿಸಿದ ಕೇಂದ್ರದ ಕಾಯಿದೆ 1976ರದು. ಚಿತ್ರ ಇವೆರಡರ ನಡುವೆ ಬಂದು, ರಾಷ್ಟ್ರಪತಿಗಳ ಸ್ವರ್ಣಕಮಲವನ್ನೂ, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕಾಸರಗೋಡಿನ ಕಿರಣ್‌ರಾಜ್ ಅವರ '777 ಚಾರ್ಲಿ' 2022ರಲ್ಲಿ ನಾಯಿಯನ್ನು ಜನಪ್ರಿಯ ಚಿತ್ರದ ಕೇಂದ್ರಕ್ಕೆ ತಂದಿತಾದರೂ ಅಲ್ಲಿನ ಮುಖ್ಯ ನೋವು ಒಂಟಿತನದ್ದು, ಬಡತನದ್ದಲ್ಲ.

ಆತಕೂರಿನ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಚನ್ನಪಟ್ಟಣ ಸೀಮೆಯ ಶಾಲೆಗಳು ತಮ್ಮ ನೆರೆಸೀಮೆಯ ಈ ಶಾಸನವನ್ನು ಮಕ್ಕಳಿಗೆ ಪಾಠ ಹೇಳುವಾಗ, ಅದರ ಜೊತೆಗೇ 'ಚೋಮನ ದುಡಿ'ಯನ್ನೂ ತೋರಿಸಬೇಕು.