ಬುಸ್ಸಿ, ಷಾರ್ಲ್ ಜೋಸೆಫ್ ಪತಿಸಿಯೆ ದ (ಸು. 1718–1785)

ದಖ್ಖನ್ ಮತ್ತು ಮೈಸೂರಿನ ಚರಿತ್ರೆಯನ್ನು ಆಳವಾಗಿ ಪ್ರಭಾವಿಸಿದ ಫ್ರೆಂಚ್ ಸೇನಾನಿ. ಡ್ಯೂಕನ ಕೆಳಗಿನ ಶ್ರೀಮಂತ ಪದವಿಯಾದ ಮಾರ್ಕ್ವಿ ಬಿರುದನ್ನು ಧರಿಸಿದ್ದವನು. ಪಾಂಡಿಚೇರಿಯ ಗವರ್ನರ್ ಡೂಪ್ಲೆಯ ಆಶ್ರಯದಲ್ಲಿ ಮೇಲೇರಿ, 1750ರಲ್ಲಿ ಸೆಂಜಿಯ ಗಿರಿದುರ್ಗವನ್ನು ರಾತ್ರಿದಾಳಿಯಿಂದ ಗೆದ್ದ ಈತ, ಮರುವರ್ಷ ಹೈದರಾಬಾದಿನ ನಿಜಾಮ ಮುಜಫರ್ ಜಂಗ್ ಹತನಾದಾಗ ಸಲಾಬತ್ ಜಂಗನನ್ನು ಅಲ್ಲಿನ ಪೀಠಕ್ಕೇರಿಸಿ, ತನ್ನ ದಳದ ವೆಚ್ಚಕ್ಕಾಗಿ 1753ರಲ್ಲಿ ಉತ್ತರ ಸರ್ಕಾರಗಳ, ಅಂದರೆ ಆಂಧ್ರ ಕರಾವಳಿ ಪ್ರಾಂತಗಳ, ಕಂದಾಯವನ್ನು ಪಡೆದನು.

ಕನ್ನಡ ನಾಡಿಗೆ ಈತನ ಹೆಸರು ಕಹಿಯಾಗಿಯೇ ಅಂಟಿಕೊಂಡಿದೆ. 1755ರಲ್ಲಿ ಸಲಾಬತ್ ಜಂಗನೊಡನೆ ಶ್ರೀರಂಗಪಟ್ಟಣದ ಮೇಲೆ ಏರಿಬಂದು, ಅಧೀನ ರಾಜ್ಯವು ಸಲ್ಲಿಸಬೇಕಾದ ಪೇಷ್ಕಷ್ ಎಂಬ ಕಪ್ಪದ ಬಾಕಿಯನ್ನು ಕೇಳಿದಾಗ, ತಿರುಚಿನಾಪಳ್ಳಿಯ ದಂಡಯಾತ್ರೆಯಿಂದ ಬೊಕ್ಕಸ ಬರಿದಾಗಿದ್ದ ಮೈಸೂರಿನ ದಳವಾಯಿ ದೇವರಾಜಯ್ಯನು 56 ಲಕ್ಷ ರೂಪಾಯಿಗೆ ಒಪ್ಪಿ, ದೇವಾಲಯಗಳ ಬೆಳ್ಳಿಪಾತ್ರೆ, ಒಡವೆಗಳನ್ನೂ ಅರಮನೆಯ ಆಭರಣಗಳನ್ನೂ ಒಟ್ಟುಗೂಡಿಸಿದರೂ ಮೂರನೆಯ ಒಂದು ಪಾಲನ್ನಷ್ಟೇ ತೆರಲು ಶಕ್ತನಾದನು. ಮರುವರ್ಷ ಸವಣೂರಿನ ಮುತ್ತಿಗೆಯಲ್ಲೂ ಈತನಿದ್ದನು.

1760ರಲ್ಲಿ ವಾಂಡಿವಾಷ್‌ನಲ್ಲಿ ಬ್ರಿಟಿಷರ ಸೆರೆಯಾಳಾಗಿ ಬಳಿಕ ಸ್ವದೇಶಕ್ಕೆ ಮರಳಿದ ಬುಸ್ಸಿ, 1783ರಲ್ಲಿ ವೃದ್ಧನೂ ವಾತರೋಗಿಯೂ ಆಗಿ ಮೈಸೂರಿನ ಸುಲ್ತಾನ ಟಿಪ್ಪುವಿನ ನೆರವಿಗೆಂದು ಕಡಲೂರಿಗೆ ಬಂದನು. ಯೂರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಶಾಂತಿಯಾದ ಸುದ್ದಿ ತಲುಪಿದೊಡನೆ, ಟಿಪ್ಪು ಬ್ರಿಟಿಷರ ವಿರುದ್ಧ ನಡೆಸುತ್ತಿದ್ದ ಮಂಗಳೂರಿನ ಮುತ್ತಿಗೆಯಿಂದ ಫ್ರೆಂಚ್ ದಳವನ್ನು ಹಿಂದೆಗೆದುಕೊಂಡು, ಮಿತ್ರನನ್ನು ಒಂಟಿಯಾಗಿಸಿದನು. 1785ರ ಜನವರಿಯಲ್ಲಿ ಪಾಂಡಿಚೇರಿಯಲ್ಲಿ ನಿಧನನಾದನು.