ಕರ್ನಾಟಕದ ಮತಾಂತರ ನಿಷೇಧ ಕಾಯ್ದೆ ಮತ್ತು ಕ್ಯಾಥೊಲಿಕ್ ಧರ್ಮಸಭೆ

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, 2022 ಎಂಬುದು ಬಲವಂತ, ವಂಚನೆ, ಆಮಿಷ ಮೊದಲಾದ ಮಾರ್ಗಗಳಿಂದ ನಡೆಯುವ ಮತಾಂತರವನ್ನು ಅಪರಾಧವೆಂದು ಪರಿಗಣಿಸುವ ಕರ್ನಾಟಕ ರಾಜ್ಯದ ಕಾನೂನು. ಜನಬಳಕೆಯಲ್ಲಿ ಇದಕ್ಕೆ 'ಮತಾಂತರ ನಿಷೇಧ ಕಾಯ್ದೆ' ಎಂಬ ಹೆಸರಿದೆ. ಇದರ ವಿಧೇಯಕವು 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಂಡನೆಯಾದಾಗ ರಾಜ್ಯದ ಕ್ಯಾಥೊಲಿಕ್ ಧರ್ಮಾಧ್ಯಕ್ಷರಿಗೂ ಅಂದಿನ ಸರ್ಕಾರಕ್ಕೂ ನಡುವೆ ಬಹಿರಂಗ ಭಿನ್ನಾಭಿಪ್ರಾಯ ಉಂಟಾಯಿತು. ವಿವಾದದ ಕೇಂದ್ರದಲ್ಲಿದ್ದುದು 'ಆಮಿಷ' ಎಂಬ ಪದ. ಉಚಿತ ಶಿಕ್ಷಣ, ಔಷಧೋಪಚಾರ, ಅನ್ನದಾನ ಮುಂತಾದ ಸೇವೆಗಳು ಎಲ್ಲಿಯವರೆಗೆ ದಾನ, ಎಲ್ಲಿಂದ ಮುಂದೆ ಆಮಿಷ ಎಂಬುದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ಈ ಕಾಯ್ದೆ ಮುನ್ನೆಲೆಗೆ ತಂದಿತು.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಕ್ಯಾಥೊಲಿಕ್ ಸಮುದಾಯ ಮತ್ತು ಆಳುವವರ ನಡುವಿನ ಸಂಬಂಧ ಎಲ್ಲ ಕಾಲದಲ್ಲಿ ಒಂದೇ ರೀತಿಯಾಗಿರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಆ ಸೆರೆವಾಸ 1799ರವರೆಗೆ ಮುಂದುವರಿಯಿತು. ಆ ಬಳಿಕ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಸಂಘಟಿಸಲು ಬಂದ ಫ್ರೆಂಚ್ ಧರ್ಮಗುರು ಆಬೆ ಡುಬಾಯ್ ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿ ತೊಡಗಿದರು. ಇದೇ ಡುಬಾಯ್, ಭಾರತದಲ್ಲಿ ಮತಾಂತರದ ಪ್ರಯತ್ನ ಫಲ ಕೊಡುವುದಿಲ್ಲ ಎಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ವಾದಿಸಿದರು. ಸೇವೆಯೆಲ್ಲವೂ ಮತಾಂತರದ ಸಾಧನವೇ ಎನ್ನುವವರಿಗೂ, ಸೇವೆಗೂ ಮತಪ್ರಚಾರಕ್ಕೂ ಎಂದೂ ಸಂಬಂಧವಿರಲಿಲ್ಲ ಎನ್ನುವವರಿಗೂ ಡುಬಾಯ್ ಅವರ ಬದುಕು ಸುಲಭದ ಉದಾಹರಣೆಯಾಗದು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಸಂಸ್ಥೆಗಳು ಬೆಳೆದವು. ಬೆಳಗಾವಿಯ ಸಂತ ಪೌಲರ ಪ್ರೌಢಶಾಲೆ 1856ರಲ್ಲಿಯೂ, ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆ 1880ರಲ್ಲಿಯೂ, ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆ 1886ರಲ್ಲಿಯೂ ಆರಂಭವಾದವು. ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ ಸ್ಥಾಪನೆಯಾಯಿತು. ಚಿಕ್ಕೋಡಿ, ರಾಯಬಾಗ, ಅಥಣಿ ಭಾಗಗಳಲ್ಲಿ ಕ್ಯಾಥೊಲಿಕರ ಸಂಖ್ಯೆ ಅತ್ಯಲ್ಪವಾದರೂ ರಾಜ್ಯಮಟ್ಟದ ವಿವಾದಗಳಲ್ಲಿ ಈ ಧರ್ಮಪ್ರಾಂತ್ಯದ ಹೆಸರು ಮತ್ತೆ ಮತ್ತೆ ಬರುತ್ತದೆ. 2004ರಿಂದ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಬರ್ನಾರ್ಡ್ ಮೊರಾಸ್ ಮತ್ತು 2018ರಲ್ಲಿ ಅವರ ಸ್ಥಾನಕ್ಕೆ ಬಂದ ಪೀಟರ್ ಮಚಾದೊ ಇಬ್ಬರೂ ಅದಕ್ಕೂ ಮೊದಲು ಬೆಳಗಾವಿಯ ಧರ್ಮಾಧ್ಯಕ್ಷರಾಗಿದ್ದವರು.

2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿದಂತೆ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರ ಸರ್ಕಾರ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವನ್ನು ನೇಮಿಸಿತು. ಆಯೋಗದ ಅಂತಿಮ ವರದಿ 2011ರಲ್ಲಿ ಸಲ್ಲಿಕೆಯಾಯಿತು. ಆಮಿಷದ ಮತಾಂತರದ ಆರೋಪ ಆ ಸಂದರ್ಭದಲ್ಲಿಯೂ ಕೇಳಿಬಂದಿತ್ತು.

ಪರಸ್ನೇಹದ ಕುರಿತ ಕ್ಯಾಥೊಲಿಕ್ ಬೋಧನೆ

ಕ್ಯಾಥೊಲಿಕ್ ನೀತಿಬೋಧನೆಯಲ್ಲಿ ದಾನವು ಐಚ್ಛಿಕ ಸದ್ಗುಣ ಮಾತ್ರವಲ್ಲ, ಕರ್ತವ್ಯವೂ ಹೌದು. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಬರುವ ಅಂತಿಮ ತೀರ್ಪಿನ ಪ್ರಸಂಗ ಇದರ ಮೂಲ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಅಪರಿಚಿತರಿಗೆ ಆಶ್ರಯ, ರೋಗಿಗಳ ಮತ್ತು ಸೆರೆಯಾಳುಗಳ ಭೇಟಿ ಇವುಗಳ ಆಧಾರದ ಮೇಲೆ ಮನುಷ್ಯನ ತೀರ್ಪಾಗುತ್ತದೆ ಎಂದು ಅಲ್ಲಿ ಹೇಳಲಾಗಿದೆ. ಅದೇ ಶುಭಸಂದೇಶದ 6ನೆಯ ಅಧ್ಯಾಯವು ದಾನವನ್ನು ಪ್ರದರ್ಶನಕ್ಕಾಗಿ ಮಾಡಬಾರದೆಂದು ವಿಧಿಸುತ್ತದೆ. ಹಸಿದವನು ಯಾವ ಮತದವನು ಎಂಬ ಪ್ರಶ್ನೆ 25ನೆಯ ಅಧ್ಯಾಯದಲ್ಲಿ ಏಳುವುದೇ ಇಲ್ಲ.

ದಾನವನ್ನು ಮತಾಂತರದ ಸಾಧನವನ್ನಾಗಿ ಬಳಸುವುದರ ಕುರಿತು ಧರ್ಮಸಭೆಯ ಅಧಿಕೃತ ನಿಲುವು 20ನೆಯ ಶತಮಾನದಲ್ಲಿ ಹೆಚ್ಚು ಸ್ಪಷ್ಟವಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದೆಂದು ಸಾರಿತು. ವಿಶೇಷವಾಗಿ ಬಡವರ ಹಾಗೂ ಅವಿದ್ಯಾವಂತರ ವಿಷಯದಲ್ಲಿ ಅಯೋಗ್ಯ ಒತ್ತಾಯದ ಮಾರ್ಗಗಳನ್ನು ಬಳಸುವುದು ತಪ್ಪೆಂದೂ ಅದು ಹೇಳಿತು. ಅದೇ ದಿನ ಪ್ರಕಟವಾದ ಧರ್ಮಪ್ರಚಾರ ಕುರಿತ ಆಜ್ಞಾಪತ್ರವೂ ಬಲವಂತ ಮತ್ತು ಆಮಿಷ ಎರಡನ್ನೂ ನಿಷೇಧಿಸುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 748ನೆಯ ವಿಧಿ, ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕ್ಯಾಥೊಲಿಕ್ ವಿಶ್ವಾಸಕ್ಕೆ ಸೇರಿಸಲು ಒತ್ತಾಯಿಸಬಾರದೆನ್ನುತ್ತದೆ. ಹದಿನಾರನೆಯ ಬೆನೆಡಿಕ್ಟ್ ಪೋಪರು 2005ರ ಡಿಸೆಂಬರ್ 25ರಂದು ಸಹಿ ಮಾಡಿದ 'ದೇವುಸ್ ಕಾರಿತಾಸ್ ಎಸ್ತ್' ಎಂಬ ವಿಶ್ವಪತ್ರದಲ್ಲಿ, ಪ್ರೀತಿಯ ಸೇವೆ ಬೇರೊಂದು ಗುರಿ ಸಾಧಿಸುವ ಉಪಾಯವಾಗಬಾರದು ಎಂಬ ವಿಚಾರವನ್ನು ನೇರವಾಗಿ ಮಂಡಿಸಿದರು. ದೇವರ ಕುರಿತು ಯಾವಾಗ ಮಾತನಾಡಬೇಕು, ಯಾವಾಗ ಮೌನವಾಗಿದ್ದು ಸೇವೆಯನ್ನಷ್ಟೇ ಮಾಡಬೇಕು ಎಂಬುದನ್ನು ಕ್ರೈಸ್ತನು ಅರಿತಿರಬೇಕು ಎಂಬುದು ಅವರ ವಿವರಣೆಯ ಸಾರ.

ಹೀಗಾಗಿ ಆಮಿಷದಿಂದಾಗುವ ಮತಾಂತರ ತಪ್ಪು ಎಂಬ ವಿಷಯದಲ್ಲಿ ಕಾಯ್ದೆಯ ಘೋಷಿತ ಉದ್ದೇಶಕ್ಕೂ ಧರ್ಮಸಭೆಯ ಲಿಖಿತ ಬೋಧನೆಗೂ ವಿರೋಧವಿಲ್ಲ. ಚರ್ಚೆಯ ಕಾವಿನಲ್ಲಿ ಎರಡೂ ಕಡೆಯವರು ಈ ಅಂಶವನ್ನು ಅಷ್ಟಾಗಿ ಗಮನಿಸಲಿಲ್ಲ. ಆದರೆ ಬೋಧನೆ ಬೇರೆ, ಆಚರಣೆ ಬೇರೆ ಎಂಬ ಆಕ್ಷೇಪಕ್ಕೂ ಇತಿಹಾಸದಲ್ಲಿ ಆಧಾರವಿದೆ. ಪೋರ್ಚುಗೀಸರ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವಿನ ಅಲ್ಪಕಾಲವನ್ನು ಬಿಟ್ಟು, ಧರ್ಮವಿಚಾರಣಾ ನ್ಯಾಯಾಲಯ ನಡೆದಿತ್ತು. ಅಲ್ಲಿಂದ ಓಡಿಬಂದ ಅನೇಕ ಕುಟುಂಬಗಳು ಕೆನರಾ ಸೀಮೆಯಲ್ಲಿ ನೆಲೆಸಿದವು.

ರಾಜಕೀಯದ ವಿಷಯದಲ್ಲಿ, ರಾಜ್ಯವ್ಯವಸ್ಥೆಯೂ ಧರ್ಮಸಭೆಯೂ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಸ್ವತಂತ್ರ ಎಂಬುದು ವ್ಯಾಟಿಕನ್ ಮಹಾಸಭೆಯ ನಿಲುವು. ಧರ್ಮಗುರುಗಳು ನಾಗರಿಕ ಅಧಿಕಾರವುಳ್ಳ ಹುದ್ದೆ ವಹಿಸುವುದನ್ನು ಕಾನೂನು ಸಂಹಿತೆಯ 285ನೆಯ ವಿಧಿ ನಿಷೇಧಿಸುತ್ತದೆ. ಆದರೂ ಮನುಷ್ಯನ ಮೂಲಭೂತ ಹಕ್ಕುಗಳಿಗೆ ಧಕ್ಕೆ ಬಂದಾಗ ರಾಜಕೀಯ ವಿಷಯದಲ್ಲಿಯೂ ನೈತಿಕ ಅಭಿಪ್ರಾಯ ಹೇಳುವ ಅಧಿಕಾರ ತನಗಿದೆಯೆಂದು ಧರ್ಮಸಭೆ ಪ್ರತಿಪಾದಿಸುತ್ತದೆ.

ಆಮಿಷದ ವಾದದ ಮೂಲ

ಸೇವೆಯ ಮರೆಯಲ್ಲಿ ಮತಾಂತರ ನಡೆಯುತ್ತದೆ ಎಂಬ ಟೀಕೆ 2021ರಲ್ಲಿ ಹುಟ್ಟಿದ್ದಲ್ಲ. ಶಾಲೆ, ಆಸ್ಪತ್ರೆಗಳ ಮೂಲಕ ಮತಾಂತರಿಸುವುದನ್ನು ಮಹಾತ್ಮ ಗಾಂಧಿಯವರು ವಿರೋಧಿಸಿದ್ದರು. ಮಧ್ಯಪ್ರದೇಶ ಸರ್ಕಾರವು 1954ರಲ್ಲಿ ನೇಮಿಸಿದ ನಿಯೋಗಿ ಸಮಿತಿ 1956ರಲ್ಲಿ ಸಲ್ಲಿಸಿದ ವರದಿಯಲ್ಲಿ, ಶಾಲೆ, ಆಸ್ಪತ್ರೆ, ಅನಾಥಾಲಯಗಳು ಮತಾಂತರಕ್ಕೆ ಬಳಕೆಯಾಗುತ್ತಿವೆಯೆಂದು ಆಪಾದಿಸಿತು. 1967ರಲ್ಲಿ ಒಡಿಶಾ ಮತ್ತು 1968ರಲ್ಲಿ ಮಧ್ಯಪ್ರದೇಶ ಈ ಬಗೆಯ ಕಾನೂನುಗಳನ್ನು ತಂದವು. ಮಧ್ಯಪ್ರದೇಶದ ಕಾನೂನನ್ನು ಕ್ಯಾಥೊಲಿಕ್ ಧರ್ಮಗುರು ಸ್ಟೇನಿಸ್ಲಾಸ್ ಪ್ರಶ್ನಿಸಿದರು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದ 25ನೆಯ ವಿಧಿ ನೀಡುವ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ತೀರ್ಪಿತ್ತು ಎರಡೂ ಕಾನೂನುಗಳನ್ನು ಎತ್ತಿಹಿಡಿಯಿತು. ನಂತರದ ರಾಜ್ಯ ಕಾನೂನುಗಳೆಲ್ಲ ಈ ತೀರ್ಪನ್ನೇ ಆಧರಿಸಿವೆ.

ಬೆಳಗಾವಿ ಅಧಿವೇಶನ

2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ಅವರು ತಮ್ಮ ತಾಯಿಯೇ ಮತಾಂತರವಾಗಿದ್ದಾರೆಂದು ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ಕಾನೂನು ತರುವುದಾಗಿ ಗೃಹಸಚಿವ ಆರಗ ಜ್ಞಾನೇಂದ್ರ ತಿಳಿಸಿದರು. ಕೆಲವೇ ದಿನಗಳಲ್ಲಿ ಮಹಾಧರ್ಮಾಧ್ಯಕ್ಷ ಮಚಾದೊ ಅವರ ನೇತೃತ್ವದ ನಿಯೋಗ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರನ್ನು ಭೇಟಿಯಾಯಿತು. ಅಕ್ಟೋಬರ್‌ನಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆಗೆ ಸೂಚಿಸಿದಾಗ, ಒಂದೇ ಸಮುದಾಯವನ್ನು ಗುರಿಯಾಗಿಸಿದ ಸಮೀಕ್ಷೆ ಏಕೆ ಎಂದು ಮಚಾದೊ ಪ್ರಶ್ನಿಸಿದರು.

ಡಿಸೆಂಬರ್ 13ರಂದು ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಆರಂಭವಾಯಿತು. ಅದಕ್ಕೆ ಎರಡು ದಿನ ಮುಂಚೆ ಅದೇ ನಗರದಲ್ಲಿ ಚರ್ಚ್ ಆವರಣಕ್ಕೆ ನುಗ್ಗಿದ ವ್ಯಕ್ತಿಯೊಬ್ಬನು ಧರ್ಮಗುರುವೊಬ್ಬರನ್ನು ಆಯುಧ ತೋರಿಸಿ ಬೆದರಿಸಿದ ಘಟನೆ ವರದಿಯಾಗಿತ್ತು. ವಿಧೇಯಕವು ಡಿಸೆಂಬರ್ 21ರಂದು ಮಂಡನೆಯಾಯಿತು, ಕಾಂಗ್ರೆಸ್‌ನ ಡಿ. ಕೆ. ಶಿವಕುಮಾರ್ ಅದರ ಪ್ರತಿಯನ್ನು ಸದನದಲ್ಲಿಯೇ ಹರಿದರು. 23ರಂದು ಧ್ವನಿಮತದಿಂದ ಅಂಗೀಕಾರವಾಯಿತು. ಇಂತಹ ಕಾನೂನಿನ ಕರಡು ಸಿದ್ದರಾಮಯ್ಯ ಸರ್ಕಾರದ ಅವಧಿಯಲ್ಲಿಯೇ ಸಿದ್ಧವಾಗಿತ್ತೆಂದು ಆಡಳಿತ ಪಕ್ಷ ಕಡತ ತೋರಿಸಿ ವಾದಿಸಿದ್ದು ಆ ದಿನದ ಚರ್ಚೆಯ ಗಮನಾರ್ಹ ಅಂಶ. ವಿಧಾನ ಪರಿಷತ್ತಿನಲ್ಲಿ ಆಗ ಬಹುಮತವಿಲ್ಲದ ಕಾರಣ ಸರ್ಕಾರ ಅಲ್ಲಿ ವಿಧೇಯಕವನ್ನು ಮತಕ್ಕೆ ಹಾಕಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯ ಮಾರ್ಗ ಹಿಡಿಯಲಾಯಿತು. ಸಹಿ ಹಾಕಬಾರದೆಂದು ಮಚಾದೊ ಅವರು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರಲ್ಲಿ ಮನವಿ ಮಾಡಿದರೂ ಮೇ 17ರಂದು ಸುಗ್ರೀವಾಜ್ಞೆಗೆ ಅಂಕಿತ ಬಿತ್ತು. ಸೆಪ್ಟೆಂಬರ್ 15ರಂದು ಪರಿಷತ್ತು, 21ರಂದು ಮತ್ತೆ ವಿಧಾನಸಭೆ ವಿಧೇಯಕವನ್ನು ಅಂಗೀಕರಿಸಿದವು.

ಆಮಿಷದ ವ್ಯಾಖ್ಯಾನ ಮತ್ತು ಇತರ ಅಂಶಗಳು

ಕಾಯ್ದೆಯ ಎರಡನೆಯ ಪ್ರಕರಣವು ಆಮಿಷವನ್ನು ವಿಶಾಲವಾಗಿ ವ್ಯಾಖ್ಯಾನಿಸುತ್ತದೆ. ಉಡುಗೊರೆ, ಸುಲಭದ ಹಣ, ನಗದು ಅಥವಾ ವಸ್ತುರೂಪದ ಲಾಭ, ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜುಗಳಲ್ಲಿ ಉಚಿತ ಶಿಕ್ಷಣ, ಮದುವೆಯ ವಾಗ್ದಾನ, ಉತ್ತಮ ಜೀವನಶೈಲಿ, ದೈವಕೋಪ ಇವೆಲ್ಲ ಅದರಲ್ಲಿವೆ. ಒಂದು ಧರ್ಮವನ್ನು ಇನ್ನೊಂದರ ಎದುರು ವೈಭವೀಕರಿಸುವುದೂ ಆಮಿಷವೇ.

ಇಲ್ಲಿ ಒಂದು ವಿವರಣೆ ಅಗತ್ಯ. ಉಚಿತ ಶಿಕ್ಷಣ ನೀಡುವುದೇ ಅಪರಾಧವೆಂದು ಕಾಯ್ದೆ ಹೇಳುವುದಿಲ್ಲ. ಅದನ್ನು ತೋರಿಸಿ ಮತಾಂತರಿಸುವುದು ಅಥವಾ ಮತಾಂತರಿಸಲು ಯತ್ನಿಸುವುದು ಅಪರಾಧ. ಆದರೆ ಆರೋಪ ಬಂದಾಗ ಆಮಿಷವಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದು. ಸೇವೆ ಪಡೆದವನೊಬ್ಬ ಹಲವು ವರ್ಷಗಳ ಬಳಿಕ ಮತ ಬದಲಿಸಿದರೆ ಆ ಸೇವೆಯ ಹಿಂದಿನ ಉದ್ದೇಶವನ್ನು ರುಜುವಾತು ಮಾಡುವುದು ಹೇಗೆ ಎಂಬುದು ಧರ್ಮಸಭೆಯ ಆತಂಕದ ತಿರುಳು. ಉತ್ತರ ಕರ್ನಾಟಕದ ಓದುಗರಿಗೆ ಮಠಗಳ ದಾಸೋಹ ಮತ್ತು ಉಚಿತ ಪ್ರಸಾದ ನಿಲಯಗಳ ಪರಿಚಯ ಚೆನ್ನಾಗಿದೆ. ಕಾಯ್ದೆಯು 'ಧಾರ್ಮಿಕ ಸಂಸ್ಥೆ' ಎಂದಷ್ಟೇ ಹೇಳುವುದರಿಂದ ಅಕ್ಷರಶಃ ಅವೂ ಅದರ ವ್ಯಾಪ್ತಿಯಲ್ಲಿಯೇ ಇವೆ. ಆದರೆ ತನ್ನ ಹಿಂದಿನ ಧರ್ಮಕ್ಕೆ ಮರಳುವುದನ್ನು ಮತಾಂತರವೆಂದು ಪರಿಗಣಿಸುವುದಿಲ್ಲ ಎಂಬ ವಿನಾಯಿತಿ ಇರುವುದರಿಂದ, ಕಾಯ್ದೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದು ವಿಮರ್ಶಕರ ವಾದ.

ಸಾಮಾನ್ಯ ಪ್ರಕರಣಗಳಲ್ಲಿ 3ರಿಂದ 5 ವರ್ಷ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿಷಯದಲ್ಲಿ ಸೆರೆವಾಸ 10 ವರ್ಷದವರೆಗೂ ದಂಡ 50,000 ರೂಪಾಯಿಗೂ ಏರುತ್ತದೆ. ಇಬ್ಬರು ಅಥವಾ ಹೆಚ್ಚು ಜನರ ಮತಾಂತರವನ್ನು ಸಾಮೂಹಿಕ ಮತಾಂತರವೆಂದು ಕರೆಯಲಾಗಿದ್ದು, ಅದಕ್ಕೆ ಒಂದು ಲಕ್ಷ ರೂಪಾಯಿ ದಂಡವಿದೆ. ಅಪರಾಧಕ್ಕೆ ಜಾಮೀನಿಲ್ಲ. ಸಂಬಂಧಿಕರಲ್ಲದೆ ಸಹೋದ್ಯೋಗಿಗಳೂ ದೂರು ಕೊಡಬಹುದು. ಮತ ಬದಲಿಸಲು ಬಯಸುವವರು 30 ದಿನ ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಲಾಗುತ್ತದೆ. ಹಿಮಾಚಲ ಪ್ರದೇಶದ ಕಾನೂನಿನಲ್ಲಿದ್ದ ಇಂತಹದೇ ಮುನ್ಸೂಚನೆಯ ನಿಯಮವನ್ನು ಅಲ್ಲಿನ ಉಚ್ಚ ನ್ಯಾಯಾಲಯ 2012ರಲ್ಲಿ ರದ್ದುಪಡಿಸಿತ್ತು.

ವಾದ ಪ್ರತಿವಾದ

ಧರ್ಮಾಧ್ಯಕ್ಷರು ಮುಖ್ಯವಾಗಿ ಜನಗಣತಿಯ ಅಂಕಿಗಳನ್ನು ಮುಂದಿಟ್ಟರು. ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ 2001ರಲ್ಲಿ ಶೇ. 1.91 ಇದ್ದುದು 2011ರಲ್ಲಿ ಶೇ. 1.87ಕ್ಕೆ ಇಳಿದಿದೆ. ನೂರಾರು ಶಾಲೆ ಮತ್ತು ಆಸ್ಪತ್ರೆಗಳಲ್ಲಿ ಸೇವೆ ಪಡೆದವರಲ್ಲಿ ಬಹುಪಾಲು ಅನ್ಯಧರ್ಮೀಯರು. ಆಮಿಷವೇ ಉದ್ದೇಶವಾಗಿದ್ದರೆ ಈ ಅಂಕಿ ಹೀಗಿರುತ್ತಿತ್ತೇ ಎಂಬುದು ಅವರ ಪ್ರಶ್ನೆ. ವಂಚನೆ ಮತ್ತು ಬಲವಂತವನ್ನು ತಡೆಯಲು ಇರುವ ಕಾನೂನುಗಳೇ ಸಾಕು, ಹೊಸ ಕಾಯ್ದೆ ದಾಳಿಕೋರರಿಗೆ ನೆಪವಾಗುತ್ತದೆ ಎಂದೂ ಅವರು ಹೇಳಿದರು.

ಸರ್ಕಾರದ ಪರ ವಾದವೂ ಕೇವಲ ಚುನಾವಣಾ ಲೆಕ್ಕಾಚಾರವಾಗಿರಲಿಲ್ಲ. ಬಡತನ, ಕಾಯಿಲೆಗಳ ಸಂಕಟದಲ್ಲಿರುವವರ ಒಪ್ಪಿಗೆ ನಿಜವಾಗಿ ಸ್ವತಂತ್ರವೇ ಎಂಬ ಪ್ರಶ್ನೆಯನ್ನು ಅದು ಎತ್ತಿತು. ಸ್ವಇಚ್ಛೆಯ ಮತಾಂತರಕ್ಕೆ ಅಡ್ಡಿಯಿಲ್ಲವೆಂದು ಸಚಿವರು ಭರವಸೆ ನೀಡಿದರು. ಮತಾಂತರಗೊಂಡವರ ಜನಗಣತಿ ದಾಖಲೆ ಬದಲಾಗದೆ ಉಳಿಯುತ್ತದೆ, ಆದ್ದರಿಂದ ಅಂಕಿಗಳು ಪೂರ್ಣ ಚಿತ್ರ ಕೊಡುವುದಿಲ್ಲ ಎಂಬ ಪ್ರತಿವಾದವೂ ಇತ್ತು. ಇದಕ್ಕೆ ಹಿನ್ನೆಲೆಯಾಗಿ 1950ರ ರಾಷ್ಟ್ರಪತಿ ಆದೇಶವನ್ನು ನೆನೆಯಬೇಕು: ಅದರಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ತಪ್ಪುತ್ತದೆ.

ನಂತರದ ಬೆಳವಣಿಗೆಗಳು

ಕ್ರೈಸ್ತರ ಮೇಲಿನ ದಾಳಿಗಳ ಕುರಿತು ಮಚಾದೊ ಅವರೂ ಇತರ ಸಂಘಟನೆಗಳೂ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 2022ರ ಸೆಪ್ಟೆಂಬರ್ 1ರಂದು ನ್ಯಾಯಾಲಯವು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಿಂದ ವರದಿ ಪಡೆಯುವಂತೆ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು.

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಕಾಯ್ದೆಯನ್ನು ರದ್ದುಪಡಿಸಲು ಸಿದ್ದರಾಮಯ್ಯ ನೇತೃತ್ವದ ಸಚಿವ ಸಂಪುಟ ಜೂನ್ 15ರಂದು ತೀರ್ಮಾನಿಸಿತು. ಮಹಾಧರ್ಮಾಧ್ಯಕ್ಷರು ಇದನ್ನು ಸ್ವಾಗತಿಸಿದರು, ಬಿಜೆಪಿ ಖಂಡಿಸಿತು. ಸಂಪುಟದ ತೀರ್ಮಾನವೊಂದರಿಂದಲೇ ಕಾಯ್ದೆ ರದ್ದಾಗುವುದಿಲ್ಲ. ಅದಕ್ಕೆ ರದ್ದತಿ ವಿಧೇಯಕವು ವಿಧಾನಮಂಡಲದ ಉಭಯ ಸದನಗಳಲ್ಲಿ ಅಂಗೀಕಾರಗೊಂಡು ರಾಜ್ಯಪಾಲರ ಒಪ್ಪಿಗೆ ಪಡೆಯಬೇಕು.